ಗೋವೆಯ ಕೋಟೆಯೊಳಗೆ ಬೇಯುತ್ತಿದ್ದದ್ದು ಯಾರ ಅಕ್ಕಿ?

ಹೊಳೆದಂಡೆ

ಹೋದ ವಾರ ಕುಂದಾಪುರದಲ್ಲಿ ಒಂದು ಮದುವೆಯಿತ್ತು. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಆಟೋ ಹಿಡಿದು ಬಸರೂರಿಗೆ ಹೋಗಿ ಬಂದೆ. ವಾರಾಹಿ ಹೊಳೆ, ತೆಂಗಿನ ತೋಟ, ಮಹಾಲಿಂಗೇಶ್ವರನ ಗುಡಿ, ಮಧ್ಯಾಹ್ನದ ತೂಕಡಿಕೆಯಲ್ಲಿದ್ದ ನಾಲ್ಕು ಅಂಗಡಿ. ಈ ಊರಿಗಾಗಿ ಲಿಸ್ಬನ್ನಿನವರು ಕೋಟೆ ಕಟ್ಟಿದ್ದರು ಎಂದು ನಾನು ಹೇಳಿದರೆ ಆಟೋದವರು ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕರು.

ಮೂಡುಕೇರಿ, ಪಡುಕೇರಿ, ಮಂಡಿಕೇರಿ ಎಂಬ ಹೆಸರುಗಳು ಮಾತ್ರ ಇನ್ನೂ ಜನರ ಬಾಯಲ್ಲಿವೆ. ಶಾಸನಗಳಲ್ಲಿ ಈ ಕೇರಿಗಳ 'ಹಲರು', 'ಸೆಟ್ಟಿಕಾರರು' ರಾಜನ ಅಧಿಕಾರಿಗಳ ಪಕ್ಕದಲ್ಲೇ ನಿಂತು ಮಾತು ಕೊಡುತ್ತಾರೆ, ದತ್ತಿ ಬಿಡುತ್ತಾರೆ. ವಿಜಯನಗರಕ್ಕೆ ಕಪ್ಪ ಕೊಟ್ಟುಕೊಂಡು ತಮ್ಮ ಊರನ್ನು ತಾವೇ ನಡೆಸುತ್ತಿದ್ದ ವ್ಯಾಪಾರಿಗಳು ಇವರು. ಅದನ್ನು ಕಂಡ ಪೋರ್ಚುಗೀಸ್ ಬರಹಗಾರರು ಬಸರೂರನ್ನು ಸೆಟ್ಟಿಗಳ ಗಣರಾಜ್ಯದಂತೆ ಬಣ್ಣಿಸಿದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕಡಲಿನ ಮೇಲೆ ಹೋಗುವ ಹಡಗುಗಳೆಲ್ಲ ತಮ್ಮಿಂದ 'ಕರ್ತಾಜ್' ಎಂಬ ರಹದಾರಿ ಪಡೆಯಬೇಕು ಎಂದರು. ನಾಯಕ ಯಾರು, ಎಷ್ಟು ಜನ, ಯಾವ ಆಯುಧ, ಯಾವ ಸರಕು, ಎಲ್ಲವೂ ಅದರಲ್ಲಿ ಬರೆದಿರಬೇಕು. ಮೆಣಸು ಸಾಗಿಸಕೂಡದು. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ಇಷ್ಟು ಗತ್ತು ಮಾಡಿದವರ ಗೋವೆಗೆ ತನ್ನ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳಲು ಬರುತ್ತಿರಲಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದು ಸಮುದ್ರ ತಿಳಿಯಾಯಿತೆಂದರೆ ಯುದ್ಧನೌಕೆಗಳ ಕಾವಲಿನಲ್ಲಿ ದೋಣಿಗಳ ದೊಡ್ಡ ಸಾಲು ದಕ್ಷಿಣಕ್ಕೆ ಹೊರಡುತ್ತಿತ್ತು. ಎಲ್ಲಿಗೆ? ಹೊನ್ನಾವರ, ಬಸರೂರು, ಮಂಗಳೂರು. ಯಾತಕ್ಕೆ? ಅಕ್ಕಿಗೆ.

ಕಡಲನ್ನು ಬೀಗ ಹಾಕಿ ಇಟ್ಟುಕೊಂಡವರು ಅನ್ನಕ್ಕಾಗಿ ನಮ್ಮ ಅಳಿವೆಯ ಬಾಯಲ್ಲಿ ಕಾಯುತ್ತಿದ್ದರು. ಪೋರ್ಚುಗೀಸರನ್ನು ಎದುರಿಸಿದ ಕಥೆ ಹೇಳುವಾಗ ನಾವು ಕತ್ತಿಯ ಬಗ್ಗೆ ಮಾತನಾಡುತ್ತೇವೆ, ಬಾಣದ ಬಗ್ಗೆ ಮಾತನಾಡುತ್ತೇವೆ. ಅಕ್ಕಿಯ ಬಗ್ಗೆ ಏಕೆ ಮಾತನಾಡುವುದಿಲ್ಲ? ಕರಾವಳಿಯ ನಿಜವಾದ ಆಯುಧ ಕಣಜದಲ್ಲಿತ್ತು ಎಂದು ನನಗೆ ಅನ್ನಿಸುತ್ತಿದೆ. ಒಪ್ಪದಿದ್ದವರು ಜಗಳಕ್ಕೆ ಬನ್ನಿ.


ಉಳ್ಳಾಲದ ಮರಳು

ಬಂದೆ. ಮದುವೆಯ ಊಟದ ಪ್ರಭಾವದಿಂದ ಎಲ್ಲದರಲ್ಲೂ ನಿಮಗೆ ಅಕ್ಕಿ ಕಾಣಿಸುತ್ತಿರಬೇಕು.

ಅಬ್ಬಕ್ಕ ಅಕ್ಕಿ ಮೂಟೆ ಹಿಡಿದು ನಿಂತವಳಲ್ಲ. ಉಳ್ಳಾಲದ ರಾಣಿ ಕಪ್ಪ ನಿಲ್ಲಿಸಿದಳೆಂದೇ ಅವರ ಹಡಗುಗಳು ನೇತ್ರಾವತಿಯ ಬಾಯಿಗೆ ಬಂದವು. 1568ರಲ್ಲಿ ಗೋವೆಯ ವೈಸ್‌ರಾಯ್ ತಾನೇ ದಂಡು ಕಟ್ಟಿಕೊಂಡು ಬಂದು ಮಂಗಳೂರಿನಲ್ಲಿ ಕೋಟೆ ಹಾಕಬೇಕಾಯಿತು. ಇಷ್ಟು ಚಿಕ್ಕ ಸಂಸ್ಥಾನದ ಮೇಲೆ ಅಷ್ಟು ದೊಡ್ಡ ಮನುಷ್ಯ ಬರಬೇಕಾದರೆ ಆ ಹೆಂಗಸು ಅವರಿಗೆ ಎಷ್ಟು ಕಿರಿಕಿರಿ ಕೊಟ್ಟಿರಬೇಕು ಎಂದು ಯೋಚಿಸಿ. ಊರಿನ ಹೆಂಗಸರು ಇವತ್ತಿಗೂ ಅವಳ ಹೆಸರನ್ನು ಮನೆಯ ಹಿರಿಯಳ ಹೆಸರಿನಂತೆ ಹೇಳುತ್ತಾರೆ. ಕಣಜಕ್ಕೆ ಯಾರೂ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಕಟ್ಟಿಲ್ಲ.


ಹೊಳೆದಂಡೆ

ಅಬ್ಬಕ್ಕನನ್ನು ಚಿಕ್ಕವಳು ಮಾಡುವ ಉದ್ದೇಶ ನನಗಿಲ್ಲ. ಆದರೆ ಅವಳನ್ನು ಕುದುರೆಯ ಮೇಲೆ ಕತ್ತಿ ಎತ್ತಿದ ಪ್ರತಿಮೆಯಾಗಿ ಮಾತ್ರ ನೋಡುವುದು ಏಕೆ?

1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ನೋಡಲೆಂದೇ ಮಣೇಲಿಗೆ ಹೋದ. 1568ರ ರಾಣಿಯೇ ಇವಳಾಗಿರುವುದು ಕಷ್ಟ. ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ಹಕ್ಕು ಸಾಗುವ, ಆ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಅಬ್ಬಕ್ಕಂದಿರು ಇದ್ದರು ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಅವನಿಗೆ ರಾಣಿ ಸಿಂಹಾಸನದ ಮೇಲೆ ಸಿಗಲಿಲ್ಲ, ಬೀದಿಯಲ್ಲಿ ಸಿಕ್ಕಳು. ಬರಿಗಾಲು, ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ, ನೆರಳಿಗೆ ಒಂದು ಕೊಡೆ. ಎಲ್ಲಿಗೆ ಹೊರಟಿದ್ದಳು? ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು! ನಮ್ಮ ಈ ಕಾಡಿಗೆ ಏನು ನೋಡಲು ಬಂದೆ ಎಂಬ ಅರ್ಥದಲ್ಲಿ ಅವನನ್ನೇ ವಿಚಾರಿಸಿದಳಂತೆ. ಬಣ್ಣ ಕಪ್ಪು ಎಂದು ಬರೆದ ಅದೇ ಕೈ ಅವಳ ಮಾತಿನ ಘನತೆಯನ್ನೂ ಬರೆಯಿತು.

ನನಗೆ ಆ ಕಾಲುವೆ ಮುಖ್ಯ. ಪೋರ್ಚುಗೀಸರ ಪಕ್ಷ ಹಿಡಿದಿದ್ದ ಬಂಗ ಅರಸ ಅವಳ ಗಂಡನೇ ಆಗಿದ್ದವನು. ಆ ಸಂಬಂಧ ಮುರಿದುಬಿದ್ದಿತ್ತು. ಅವನ ವಿರುದ್ಧ ಅವಳು ಇಕ್ಕೇರಿಯ, ಅಂದರೆ ಕೆಳದಿ ಮನೆತನದ, ವೆಂಕಟಪ್ಪ ನಾಯಕನನ್ನು ಕರೆದಳು. 1618ರಲ್ಲಿ ನಾಯಕನ ಸೈನ್ಯ ಬಂಗನನ್ನೂ ಅವನ ಬೆಂಬಲಕ್ಕೆ ಬಂದ ಪೋರ್ಚುಗೀಸರನ್ನೂ ಸೋಲಿಸಿತು. ಇಷ್ಟೆಲ್ಲ ಆದ ಮೇಲೆ, ಐದು ವರ್ಷಕ್ಕೆ, ಪರದೇಶದ ಪ್ರವಾಸಿ ಬಂದಾಗ ರಾಣಿ ಗದ್ದೆಗೆ ನೀರು ಹರಿಸುವ ಚಿಂತೆಯಲ್ಲಿದ್ದಾಳೆ. ಬಿಟ್ಟ ಬಾಣ ಮರಳಿ ಬಾರದು. ನೀರು ಬಂದರೆ ಪ್ರತಿ ಸುಗ್ಗಿಗೂ ಬೆಳೆ ಬರುತ್ತದೆ.


ಒಳ್ಳೆಮೆಣಸು

ಅಕ್ಕಿಯ ಗಲಾಟೆಯಲ್ಲಿ ನಮ್ಮ ಬಳ್ಳಿಯನ್ನು ಮರೆತಿರಿ. ನಾನು ಸಿದ್ದಾಪುರದ ಕಡೆಯ ತೋಟದವನು, ಮೆಣಸಿನ ಪರವಾಗಿ ಹಾಜರಿದ್ದೇನೆ.

ಮೊದಲು ಒಂದು ಸಣ್ಣ ವಿಷಯ. ಕರೆಯಲ್ಲಿ, ಅಂದರೆ ಕಾಳಿನ ಗೊಂಚಲಿನಲ್ಲಿ, ಒಂದೆರಡು ಕಾಳು ಕೆಂಪಾದಾಗ ಕೊಯ್ಯುತ್ತೇವೆ. ರಾತ್ರಿ ರಾಶಿ ಹಾಕಿ ಬೆಳಿಗ್ಗೆ ಕಾಲಿನಿಂದ ತುಳಿದು ಕಾಳು ಬಿಡಿಸುತ್ತೇವೆ. ಅಂಗಾಲು ಎರಡು ದಿನ ಉರಿಯುತ್ತದೆ. ಆಮೇಲೆ ಅಂಗಳದಲ್ಲಿ ನಾಲ್ಕೈದು ಬಿಸಿಲು. ನೂರು ಕಿಲೋ ಹಸಿ ಕಾಳು ಒಣಗಿದರೆ ಕೈಗೆ ಬರುವುದು ಮೂವತ್ತಮೂರು ಕಿಲೋ ಅಥವಾ ಅಷ್ಟಕ್ಕೆ ಹತ್ತಿರ. ಹೀಗಾಗಿ ಮೆಣಸಿನ ವ್ಯಾಪಾರವೆಂದರೆ ನೀರಿನ ವ್ಯಾಪಾರವೂ ಹೌದು. ಒಂದು ಬಿಸಿಲು ಕಡಿಮೆ ಕೊಟ್ಟು ಮಾರಿದರೆ ತೂಕ ನಮಗೆ, ನಷ್ಟ ಕೊಂಡವನಿಗೆ. ಪೋರ್ಚುಗೀಸರ ಕಡೆಯಿಂದ ಪದೇಪದೇ ಬರುವ ದೂರು ಇದೇ: ಮೆಣಸು ಹಸಿಯಾಗಿದೆ, ಮಣ್ಣು ಸೇರಿದೆ, ಲಿಸ್ಬನ್ ಮುಟ್ಟುವ ಹೊತ್ತಿಗೆ ತೂಕ ಬಿದ್ದುಹೋಗುತ್ತದೆ. ಇದನ್ನು ಕಲಬೆರಕೆ ಎನ್ನುವವರು ಎನ್ನಲಿ. ನನಗಂತೂ ಓದಿದಾಗ ನಗು ಬಂತು. ಕೊಚ್ಚಿಯಲ್ಲಿ ಅವರು ಶುರುವಿನಲ್ಲೇ ಕಡಿಮೆ ದರ ನಿಗದಿ ಮಾಡಿ ಹತ್ತಾರು ವರ್ಷ ಅದಕ್ಕೇ ಅಂಟಿಕೊಂಡರು. ಮಾರುಕಟ್ಟೆಯ ಬೆಲೆ ಏರಿದರೂ ಇವರ ಬೆಲೆ ಏರಲಿಲ್ಲ. ಮಲಬಾರಿನ ವ್ಯಾಪಾರಿಗಳು ಒಳ್ಳೆಯ ಸರಕನ್ನು ಹೇರೆತ್ತುಗಳ ಮೇಲೆ ಘಟ್ಟ ಹತ್ತಿಸಿ ಪೂರ್ವ ಕರಾವಳಿಗೆ ಕಳಿಸಿದರು, ಇಲ್ಲವೇ ಕತ್ತಲಲ್ಲಿ ಕೆಂಪು ಸಮುದ್ರದ ಕಡೆಗೆ ಸಾಗಿಸಿದರು, ಉಳಿದದ್ದನ್ನು ಇವರಿಗೆ ಅಳೆದರು. ಬೆಲೆ ಕಟ್ಟುವ ಅಧಿಕಾರ ಇಲ್ಲದವನಿಗೆ ಬಿಸಿಲು ಕಡಿಮೆ ಕೊಡುವ ಅಧಿಕಾರವಾದರೂ ಇರಲಿ.

ಇನ್ನು ಚೆನ್ನಭೈರಾದೇವಿ. ಗೇರುಸೊಪ್ಪೆಯ ಈ ಜೈನ ರಾಣಿಗೆ ಪೋರ್ಚುಗೀಸರು 'ರೈನ್ಯಾ ದ ಪಿಮೆಂತಾ', ಅಂದರೆ ಮೆಣಸಿನ ರಾಣಿ, ಎಂದು ಹೆಸರಿಟ್ಟಿದ್ದರು. 1552ರಿಂದ 1606ರವರೆಗೆ, ಐವತ್ತು ವರ್ಷಕ್ಕೂ ಮಿಕ್ಕಿ ಆಳಿದಳು. ಪೋರ್ಚುಗೀಸರಿಗೆ ಮೆಣಸು ಮಾರಿದವಳೂ ಅವಳೇ, ಅವರೊಡನೆ ಯುದ್ಧ ಮಾಡಿದವಳೂ ಅವಳೇ. ಅವಳ ನಾಡಿನ ಹಾಡುವಳ್ಳಿಯ ಮಠಕ್ಕೆ ಸೇರಿದ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದು ಮುಗಿಸಿದ. ಮೆಣಸಿನ ಹಣ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ಅವಳನ್ನು ಕೆಡವಿದವರು ಯಾರು? ಹೊಳೆದಂಡೆಯವರೇ, ನಿಮ್ಮ ವೀರ ವೆಂಕಟಪ್ಪ ನಾಯಕ. ಮುದುಕಿಯನ್ನು ಹಿಡಿದು ಇಕ್ಕೇರಿಯಲ್ಲಿ ಸೆರೆಯಿಟ್ಟ, ಮೆಣಸಿನ ನಾಡನ್ನು ತನ್ನದಾಗಿಸಿಕೊಂಡ. ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ಏರಿ ಗೇರುಸೊಪ್ಪೆಗೆ ಬಂದಾಗ ಅರಮನೆಯೆಲ್ಲ ಪಾಳು, ಮೇಲೆ ಮರ ಬೆಳೆದಿತ್ತು. ಅವನಿಗೆ ಸಿಕ್ಕ ಕಥೆ ಏನೆಂದರೆ, ರಾಣಿ ಪರವೂರಿನ ಒಬ್ಬನ ಮೋಹಕ್ಕೆ ಬಿದ್ದು ರಾಜ್ಯ ಕಳೆದುಕೊಂಡಳಂತೆ! ಗಂಡಸು ಸೋತರೆ ರಾಜಕೀಯ, ಹೆಂಗಸು ಸೋತರೆ ಪ್ರೇಮಪ್ರಕರಣ. ಐವತ್ತು ವರ್ಷ ರಾಜ್ಯ ನಡೆಸಿದವಳಿಗೆ ಹದಿನೇಳು ವರ್ಷ ಕಳೆಯುವುದರೊಳಗೆ ಇಷ್ಟೇ ಉಳಿದದ್ದು.


ಹೊಸಬ

ಎಲ್ಲರಿಗೂ ನಮಸ್ಕಾರ. ದಡ್ಡ ಪ್ರಶ್ನೆ ಎನ್ನಬೇಡಿ. ಹಾಗಾದರೆ ವೆಂಕಟಪ್ಪ ನಾಯಕ ಪೋರ್ಚುಗೀಸರ ಶತ್ರುವೋ, ವ್ಯಾಪಾರದ ಪಾಲುದಾರನೋ? ಒಂದು ಕಡೆ ಯುದ್ಧ ಎನ್ನುತ್ತೀರಿ, ಇನ್ನೊಂದು ಕಡೆ 1623ರಲ್ಲಿ ಗೋವೆಯ ರಾಯಭಾರಿ ಇಕ್ಕೇರಿಗೆ ಬಂದಿದ್ದ ಎಂದು ಓದಿದೆ.


ಹೊಳೆದಂಡೆ

ಎರಡೂ. ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದದ್ದೇ ಆ ರಾಯಭಾರಿಯ ಪರಿವಾರದ ಜೊತೆ. ಅವರನ್ನು ಕರೆದುಕೊಂಡು ಬಂದವನು ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈ. ಕೊಂಕಣಿ ಮಾತನಾಡುವ, ಗೋವೆಯ ಒಳಹೊರಗು ಬಲ್ಲವರಿಗೆ ಕೆಳದಿಯ ಆಸ್ಥಾನದಲ್ಲಿ ಬೆಲೆಯಿತ್ತು. ಗೋವೆಯಲ್ಲಿ ಮತವಿಚಾರಣೆಯ (ಇನ್‌ಕ್ವಿಸಿಷನ್) ಕಿರುಕುಳ ತಾಳಲಾರದೆ ದಕ್ಷಿಣಕ್ಕೆ ಬಂದ ಕುಟುಂಬಗಳು ಇಲ್ಲಿ ಅಂಗಡಿ ಹಾಕಿದವು; ಅಂಥವರ ಪೇಟೆಗಳಿಂದಲೇ ಗೋವೆಗೆ ಅಕ್ಕಿ ಹೋಯಿತು. ಓಡಿಸಿದವನಿಗೇ ಅನ್ನ ಮಾರುವ ಈ ನಂಟನ್ನು ಯಾವ ನಾಟಕಕಾರನೂ ಇನ್ನೂ ಮುಟ್ಟಿಲ್ಲವೇ?

ಅಂದಹಾಗೆ ಆ ಪ್ರಯಾಣದಲ್ಲಿ ಅವನು ಗುಡಿಯ ಜಗಲಿಯೊಂದರಲ್ಲಿ ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಕಲಿಯುತ್ತಿದ್ದರು. ಮುಂದೆ ಮೆಣಸಿನ ಲೆಕ್ಕ ಬರೆಯುವ ಬೆರಳುಗಳು.


ಕಡತದ ಮನೆಯವ

ಲೆಕ್ಕದ ಮಾತು ಬಂದದ್ದರಿಂದ ಬಾಯಿ ತೆರೆಯುತ್ತೇನೆ. ನಮ್ಮದು ಹಿಂದೆ ಶಾನುಭೋಗಿಕೆ ಇದ್ದ ಮನೆ. ಅಟ್ಟದ ಮೇಲೆ ಒಂದು ಕಡತ ಇತ್ತು. ನೋಡದವರಿಗೆ ಹೇಳುತ್ತೇನೆ: ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚುತ್ತಾರೆ. ಅದರ ಮೇಲೆ ಬಳಪದಿಂದ ಬರೆಯುವುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಒರೆಸದಿದ್ದರೆ ನೂರಾರು ವರ್ಷ ಉಳಿಯುತ್ತದೆ. ನಮ್ಮ ಮನೆಯದು ಉಳಿಯಲಿಲ್ಲ. ಚಿಕ್ಕವರಿದ್ದಾಗ ನಾವೇ ಅದನ್ನು ಸ್ಲೇಟು ಮಾಡಿಕೊಂಡು ಒರೆಸಿಬಿಟ್ಟೆವು. ಅಜ್ಜ ಹೊಡೆಯಲಿಲ್ಲ, ಎರಡು ದಿನ ಮಾತು ಬಿಟ್ಟರು.

ಇಂಥ ಕಡತಗಳನ್ನೇ ಮುಂದಿಟ್ಟುಕೊಂಡು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ ಕೆನರಾದ, ಅಂದರೆ ನಮ್ಮ ಕರಾವಳಿಯ, ಭೂಕಂದಾಯದ ಚರಿತ್ರೆ ಬರೆದ. ಮಳೆಯನ್ನು ಬೈಯುತ್ತಲೇ ಬರೆದ ಎನ್ನಿ. ವಿಜಯನಗರದ ಆರಂಭದ ಕಾಲದ ಹಂಚಿಕೆ ಎಂದು ಅವನು ಕೊಡುವ ಲೆಕ್ಕ ಹೀಗಿದೆ: 30 ಪಾಲು ಬೆಳೆದರೆ 15 ಉಳುವವನಿಗೆ, ಏಳೂವರೆ ಒಡೆಯನಿಗೆ, ಏಳೂವರೆ ಸರ್ಕಾರಕ್ಕೆ. ಇದರ ಮೇಲೆ ನಿಂತ ಕಂದಾಯಕ್ಕೆ 'ರೇಖೆ' ಎಂದು ಹೆಸರು. ಆಮೇಲೆ ಇಕ್ಕೇರಿಯವರು ಬಂದರು. ಮನ್ರೋನ ಪ್ರಕಾರ ಅವರು ರೇಖೆಯ ಮೇಲೆ ನೂರಕ್ಕೆ ಐವತ್ತು ಏರಿಸಿದ್ದು ಯಾವಾಗ ಗೊತ್ತೇ? 1618ರಲ್ಲಿ. ಮಂಗಳೂರು ಹೋಬಳಿಯನ್ನು ಮಾತ್ರ ಬಿಟ್ಟರು.

ಹೊಳೆದಂಡೆಯವರು ಮೇಲೆ ಹೆಮ್ಮೆಯಿಂದ ಬರೆದ ಇಸವಿಯೂ ಅದೇ. ಪೋರ್ಚುಗೀಸರನ್ನು ಸೋಲಿಸಿದ ವರ್ಷ, ಕರಾವಳಿಯ ರೈತನ ಕಂದಾಯ ಒಂದೂವರೆ ಪಟ್ಟು. ಗೆಲುವಿನ ಸುದ್ದಿ ಹಳ್ಳಿಗೆ ಯಾವ ರೂಪದಲ್ಲಿ ಬಂದಿರಬಹುದು?

ಶಿವಪ್ಪ ನಾಯಕನ ಕಾಲಕ್ಕೆ (1645ರಿಂದ 1660) ಭೂಮಿಯನ್ನು ತರಗತಿ ಮಾಡಿ, ಇಳುವರಿ ನೋಡಿ, ಕಂದಾಯ ಗೊತ್ತು ಮಾಡಿದರು. ಅದೇ 'ಶಿಸ್ತು'. ಮಕ್ಕಳಿಗೆ ನಾವು 'ಶಿಸ್ತಿನಿಂದ ಕೂತುಕೋ' ಎಂದು ಗದರಿಸುವಾಗ ಆ ಶಬ್ದದ ಬೆನ್ನ ಹಿಂದೆ ಒಬ್ಬ ಶಾನುಭೋಗ ಬಳಪ ಹಿಡಿದು ಕೂತಿದ್ದಾನೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮುಂದೆ ಹೈದರ್ ಮತ್ತು ಟಿಪ್ಪು ಇದರ ಮೇಲೆ ಹೇರಿದ್ದಕ್ಕೆ 'ಶಾಮಿಲು' ಎಂದು ಹೆಸರು. ಮೂಲ ಶಿಸ್ತು, ಮೇಲೆ ಶಾಮಿಲು: ಇವೆರಡನ್ನೂ ಬೇರೆ ಬೇರೆ ನೆನಪಿಟ್ಟುಕೊಂಡದ್ದೇ ರೈತರ ಬಲ. ಯಾವ ಸರ್ಕಾರ ಬಂದರೂ, ಹಳೆಯ ಕಡತ ತೆಗೆಯಿರಿ, ನಮ್ಮ ಪಾಲು ಇಷ್ಟೇ ಎಂದು ವಾದಿಸಲು ಅವರಿಗೆ ಆಧಾರವಿತ್ತು. ಒಪ್ಪದಿದ್ದರೆ ಕೂಟ ಸೇರುವುದು: ಹಳ್ಳಿಗೆ ಹಳ್ಳಿಯೇ ಗುಡಿಯ ಮುಂದೆ ಸೇರಿ ಕಂದಾಯ ಕೊಡುವುದಿಲ್ಲ ಎಂದು ಕೂರುತ್ತಿತ್ತು. 1831ರಲ್ಲಿ ಕದ್ರಿಯಲ್ಲಿ ಸೇರಿದ ಕೂಟ ಕಂಪನಿ ಸರ್ಕಾರಕ್ಕೆ ಬೆವರು ಬರಿಸಿತು. ಇವರಲ್ಲಿ ಒಬ್ಬರ ಕೈಯಲ್ಲೂ ಕತ್ತಿ ಇದ್ದಿರಬೇಕಾಗಿರಲಿಲ್ಲ, ಉಳ್ಳಾಲದ ಮರಳು ಅವರೇ.


ಉಳ್ಳಾಲದ ಮರಳು

ಸರಿ, ಒಂದು ಮೆಟ್ಟಿಲು ಇಳಿಯುತ್ತೇನೆ. ಆದರೆ 1652ರಿಂದ ಎರಡು ಮೂರು ವರ್ಷದೊಳಗೆ ಶಿವಪ್ಪ ನಾಯಕ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರದ ಕೋಟೆಗಳನ್ನು ಅಕ್ಕಿ ಎಸೆದು ಹಿಡಿಯಲಿಲ್ಲ. ಅದು ಯುದ್ಧವೇ.


ಹೊಳೆದಂಡೆ

ಯುದ್ಧವೇ. ಆದರೆ ಸಮಯ ನೋಡಿ. ಸಿಂಹಳದಲ್ಲಿ ಡಚ್ಚರು ಪೋರ್ಚುಗೀಸರ ಕತ್ತು ಹಿಡಿದಿದ್ದರು; 1656ರಲ್ಲಿ ಕೊಲಂಬೊ ಹೋಯಿತು. ಇತ್ತ ಕೋಟೆಗಳಿಗೆ ಸಹಾಯ ಕಳಿಸಲು ಗೋವೆಯಲ್ಲಿ ಹಡಗೂ ಇಲ್ಲ, ಜನರೂ ಇಲ್ಲ. ಶಿವಪ್ಪ ನಾಯಕ ಕಾದು ಹೊಡೆದ. ಹೊಡೆದ ಮೇಲೆ ಏನಾಯಿತು? ಕೆಲವೇ ವರ್ಷಗಳಲ್ಲಿ ಅದೇ ಪೋರ್ಚುಗೀಸರು ಒಪ್ಪಂದದ ಕಾಗದ ಹಿಡಿದುಕೊಂಡು ಬಂದರು. 1678ರಲ್ಲಿ ಕೆಳದಿಯ ಚೆನ್ನಮ್ಮಾಜಿ ಅವರಿಗೆ ಕರಾವಳಿಯಲ್ಲಿ ಮಳಿಗೆ ನಡೆಸಲು ಒಪ್ಪಿಗೆ ಕೊಟ್ಟಳು. ಕೋಟೆ ಕಳೆದುಕೊಂಡವರು ಅಂಗಡಿಯವರಾಗಿ ಮರಳಿದರು.


ಕುದುರೆಬಾಲ

ಅಕ್ಕಿ, ಮೆಣಸು ಹೊರಗೆ ಹೋದದ್ದಾಯಿತು. ಒಳಗೆ ಬಂದದ್ದರ ಕಥೆ ಹೇಳಿ ಹೋಗುತ್ತೇನೆ, ನನ್ನ ಹೆಸರಿನ ಕಾರಣವೂ ತಿಳಿಯಲಿ.

ನಮ್ಮ ಹವೆಗೆ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಹುಟ್ಟಿದರೂ ಬಾಳುವುದಿಲ್ಲ. ಯುದ್ಧಕ್ಕೆ ಬೇಕಾದ ಕುದುರೆ ಹೊರ್ಮುಜಿನಿಂದ, ಅರಬ್ಬೀ ತೀರದಿಂದ ಭಟ್ಕಳ, ಗೋವೆಗಳಿಗೆ ಇಳಿಯಬೇಕು. ಸುಮಾರು 1535ರಲ್ಲಿ ವಿಜಯನಗರದ ಚರಿತ್ರೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜ್ ಹೇಳುವಂತೆ, ಸಾಳುವ ನರಸಿಂಹನಿಗೆ ಕುದುರೆಯ ಅಗತ್ಯ ಎಷ್ಟಿತ್ತೆಂದರೆ, ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ವ್ಯಾಪಾರಿ ಹೆದರಿ ಬರುವುದನ್ನು ನಿಲ್ಲಿಸಬಾರದಲ್ಲ!

ಈ ಬಾಲದ ಹಣದ ಮೇಲೆ ಕಣ್ಣಿಟ್ಟೇ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ತಮ್ಮ ಮುಷ್ಟಿಗೆ ತೆಗೆದುಕೊಂಡರು. ಅವರಿಗೆ ಗೋವೆ ಹಿಡಿಯುವ ದಾರಿ ತೋರಿಸಿದವನು ಹೊನ್ನಾವರದ ತಿಮ್ಮೋಜ. ಅವನನ್ನು ಕಡಲುಗಳ್ಳ ಎನ್ನುವವರುಂಟು, ವಿಜಯನಗರದ ನೌಕಾಪಡೆಯ ಮನುಷ್ಯ ಎನ್ನುವವರುಂಟು. ಆಗ ಗೋವೆಯನ್ನು ಆಳುತ್ತಿದ್ದ ಬಿಜಾಪುರದವರ ಮೇಲಿನ ಸಿಟ್ಟಿಗೆ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕನನ್ನು ಕರೆತಂದ. 1542ರಲ್ಲಿ ಅದೇ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. ಪಕ್ಕದ ಮನೆಯವನ ಮೇಲಿನ ಸೇಡಿಗೆ ಹುಲಿಯನ್ನು ಅಂಗಳಕ್ಕೆ ಕರೆದಂತೆ.


ಮಸ್ಕತ್ತಿನಿಂದ

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು, ಕಟ್ಟಡ ಸಾಮಗ್ರಿಯ ಲೆಕ್ಕ ಬರೆಯುತ್ತೇನೆ. ಸಂಜೆ ಮತ್ರಾಹ್‌ನ ದಂಡೆಯಲ್ಲಿ ನಡೆಯುವಾಗ ಬೆಟ್ಟದ ಮೇಲೆ ಒಂದು ಕೋಟೆ ಕಾಣುತ್ತದೆ, ಪೋರ್ಚುಗೀಸರ ಕಾಲದ್ದು. ಈ ಚರ್ಚೆ ಓದಿದ ಮೇಲೆ ಅದರ ಕಡೆ ನೋಡುವ ನೋಟವೇ ಬದಲಾಗಿದೆ.

ಮಸ್ಕತ್ತಿನ ಸುತ್ತ ಕಲ್ಲು ಮತ್ತು ಬಿಸಿಲು ಬಿಟ್ಟರೆ ಬೇರೆ ಬೆಳೆಯಿಲ್ಲ. ಪೋರ್ಚುಗೀಸರಿಗೆ ಇಲ್ಲೂ ಕೆನರಾದ ಅಕ್ಕಿಯೇ ಬೇಕಿತ್ತು. 1650ರಲ್ಲಿ ಒಮಾನಿಗಳು ಅವರನ್ನು ಹೊರಗೆ ಹಾಕಿದರು. ಎರಡೇ ವರ್ಷಕ್ಕೆ ನಿಮ್ಮ ಶಿವಪ್ಪ ನಾಯಕ ಅತ್ತ ಶುರು ಮಾಡಿದ. ಕೋಟೆಯ ಮೇಲಿನ ಬಾವುಟ ಬದಲಾಯಿತೇ ಹೊರತು ಅಕ್ಕಿಯ ದಾರಿ ಬದಲಾಗಲಿಲ್ಲ. ಒಮಾನಿ ಹಡಗುಗಳು ಮಂಗಳೂರಿಗೆ ಬಂದವು. ಇವರೂ ಸಾಧುಗಳೇನಲ್ಲ: 1695ರಲ್ಲಿ ಅರಬ್ಬರು ಬಸರೂರನ್ನೂ ಮಂಗಳೂರನ್ನೂ ಸುಟ್ಟ ದಾಖಲೆಯಿದೆ. ಟಿಪ್ಪು ಮಸ್ಕತ್ತಿನಲ್ಲಿ ತನ್ನ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇಟ್ಟಿದ್ದ. 1801ರಲ್ಲಿ ಕಂಪನಿಯ ಪರವಾಗಿ ನಾಡು ಸುತ್ತುತ್ತಾ ಮಂಗಳೂರು ನೋಡಿದ ಫ್ರಾನ್ಸಿಸ್ ಬುಕಾನನ್, ಅಲ್ಲಿಂದ ಹೊರಹೋಗುವ ಸರಕಿನಲ್ಲಿ ಅಕ್ಕಿಯೇ ದೊಡ್ಡದು, ಅದು ಮಸ್ಕತ್, ಮುಂಬಯಿ, ಗೋವೆ, ಮಲಬಾರಿಗೆ ಹೋಗುತ್ತದೆ ಎಂದು ಬರೆದ.

ಇಲ್ಲಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಐದು ಕಿಲೋದ ಚೀಲದಲ್ಲಿ ಸಿಗುತ್ತದೆ. ನಿನ್ನೆ ಕೊಂಡು ತಂದೆ. ಹಳೆಯ ಗಿರಾಕಿಗಳ ಸಾಲಿನಲ್ಲಿ ನಾನೂ ಒಬ್ಬ.


ಒಳ್ಳೆಮೆಣಸು

ಎಲ್ಲರೂ ಒಂದು ನಾಣ್ಯವನ್ನು ಮರೆತಿರಿ. ಇಷ್ಟು ವ್ಯಾಪಾರ ನಡೆದದ್ದು ಇಕ್ಕೇರಿ ವರಾಹದಲ್ಲಿ. ಸಣ್ಣ ಚಿನ್ನದ ಬಿಲ್ಲೆ, ಒಂದು ಕಡೆ ಕುಳಿತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. 1763ರಲ್ಲಿ ಕೆಳದಿ ನಾಯಕರ ಕೊನೆಯ ರಾಜಧಾನಿ ಬಿದನೂರನ್ನು ಗೆದ್ದ ಹೈದರ್ ಅಲಿ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿದ. ಪೇಟೆಯ ನಂಬಿಕೆಯನ್ನು ಗೆಲ್ಲಲು ಬಿದನೂರನ್ನು ಗೆದ್ದರೆ ಸಾಲದು ಎಂದು ಅವನಿಗೆ ಗೊತ್ತಿತ್ತು.


ಕಡತದ ಮನೆಯವ

ಒಂದು ಆಕ್ಷೇಪ, ಹೊಳೆದಂಡೆಯವರಿಗೆ. ಅಕ್ಕಿ ಆಯುಧ ಎಂದಿರಿ. ಆಯುಧವಾದರೆ ಅದನ್ನು ತಡೆಹಿಡಿಯಲು ಬರಬೇಕು. ಘಟ್ಟದ ಬುಡದ ಸುಂಕದ ಕಟ್ಟೆಗಳಿಂದ, ಬಂದರಿನ ಸುಂಕದಿಂದ ನಾಯಕರ ಬೊಕ್ಕಸ ತುಂಬುತ್ತಿತ್ತು. ಅಕ್ಕಿ ನಿಲ್ಲಿಸಿದರೆ ಗೋವೆಗೆ ಹಸಿವು, ಬಿದನೂರಿಗೆ ನಷ್ಟ. ಗದ್ದೆಯವನಿಗೋ, ಮಾರಿದರೆ ತಾನೇ ಕಂದಾಯ ಕಟ್ಟಲು ವರಾಹ ಸಿಗುವುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅವನ ಪಾಡು. ಹಗ್ಗದ ಎರಡೂ ತುದಿಯಲ್ಲಿ ಕುಣಿಕೆ ಇತ್ತು ಎನ್ನಿ, ಒಪ್ಪುತ್ತೇನೆ.


ಹೊಳೆದಂಡೆ

ಒಪ್ಪಿದೆ. 'ಆಯುಧ' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಗ್ಗವೇ ಸರಿ. ಇಂಥ ಹಗ್ಗ ಹಿಡಿದವರಿಗೆ ಸುಲಭವಾಗಿ ಕೊಲ್ಲಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಅದಕ್ಕೇ ನಮ್ಮ ಕರಾವಳಿಯ ಆ ನೂರೈವತ್ತು ವರ್ಷ ಒಂದು ಒಪ್ಪಂದ, ಒಂದು ಜಗಳ, ಮತ್ತೆ ಒಂದು ಒಪ್ಪಂದ ಎಂದು ಸಾಗುತ್ತದೆ.

ಬಸರೂರಿನಲ್ಲಿ ಕಂಡ ಒಂದನ್ನು ಮೊದಲೇ ಬರೆಯಬೇಕಿತ್ತು. ವಾಪಸಾಗುವ ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಮುದುಕರೊಬ್ಬರು ಅಕ್ಕಿ ಮುಡಿ ಕಟ್ಟುತ್ತಿದ್ದರು, ಯಾವುದೋ ಪ್ರದರ್ಶನಕ್ಕಂತೆ. ಬೈಹುಲ್ಲನ್ನು ಹೂವಿನಂತೆ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆಳೆದು, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿಯುತ್ತಾರೆ. ನಡುನಡುವೆ ಮರದ ಕೊಡತಿಯಿಂದ ತಟ್ಟುತ್ತಾ ಗುಂಡಗೆ ಮಾಡುತ್ತಾರೆ. ಕೊನೆಗೆ ಅದು ದೊಡ್ಡ ಕುಂಬಳಕಾಯಿಯಂತೆ ಕೂರುತ್ತದೆ, ಒಂದು ಕಾಳೂ ಹೊರಗೆ ಬೀಳುವುದಿಲ್ಲ. ಪೋರ್ಚುಗೀಸರ ಪುಸ್ತಕದಲ್ಲಿ 'ಫಾರ್ದು' ಎಂದು ಎಣಿಸಿದ ಅಕ್ಕಿಯ ಕಟ್ಟುಗಳು ಹೀಗೇ ದೋಣಿ ಹತ್ತಿರಬೇಕು ಎಂದುಕೊಂಡು ನಿಂತು ನೋಡಿದೆ. ಬಸ್ಸು ತಪ್ಪಿತು.


ಹೊಸಬ

ಮುಡಿಯಲ್ಲಿ ಎಷ್ಟು ಸೇರು ಹಿಡಿಯುತ್ತದೆ?


ಉಳ್ಳಾಲದ ಮರಳು

ನಮ್ಮಲ್ಲಿ ನಲವತ್ತೆರಡು. ಗೇಣಿ ಕೊಡುವಾಗ ಒಡೆಯನ ಸೇರು ದೊಡ್ಡದು, ಸಾಲ ತರುವಾಗ ಅವನ ಸೇರು ಚಿಕ್ಕದು ಎಂದು ಅಜ್ಜಿ ಹೇಳುತ್ತಿದ್ದರು. ಕಡತದ ಮನೆಯವರು ಕೋಪ ಮಾಡಿಕೊಳ್ಳಬಾರದು.


ಕಡತದ ಮನೆಯವ

ಕೋಪವಿಲ್ಲ. ನಮ್ಮ ಮನೆಯಲ್ಲಿ ಎರಡು ಸೇರು ಇದ್ದವು, ಎರಡನ್ನೂ ನಾನು ನೋಡಿದ್ದೇನೆ.